ಮಲಗಿದ ಮನೆಯಲ್ಲಿ ಉರಿಯುವ ದೀಪ



ದೀಪವು ಆರಿದಾಗ ಎಣ್ಣೆಯನ್ನು ತಂದು ಸುರಿಯುವವರು ನಾವೆಲ್ಲರೂ. ಸುರಿದ ಎಣ್ಣೆ ಎಲ್ಲಿ ಸೋರಿಹೋಯಿತೆಂದು ಪ್ರಣತೆಯ ತಳವನ್ನು ಮುಟ್ಟಿ ನೋಡುವವರು ವಿರಳ. ಈ ಮಾತನ್ನು ನಾನು ಕಲಿತದ್ದು ಗ್ರಂಥದಿಂದಲ್ಲ, ನನ್ನ ಅಂಗಿಯ ಜೇಬಿನಲ್ಲಿರುವ ಫೋನಿನಿಂದ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಅದಕ್ಕಾಗಿ ನಾನು ತೆತ್ತ ಬೆಲೆ ಅಲ್ಪವಾಗಿರಲಿಲ್ಲವಾದ್ದರಿಂದ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

2024ರ ಶ್ರಾವಣದ ಒಂದು ರಾತ್ರಿ. ನಾನಿರುವುದು ಧಾರವಾಡದಲ್ಲಿ, ಎಂಬತ್ತು ದಾಟಿದ ನನ್ನ ಅವ್ವ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ, ತಾನು ಬಾಳಿದ ಮನೆಯನ್ನು ಬಿಟ್ಟು ಬರಲೊಲ್ಲದೆ ಒಬ್ಬಳೇ ಇದ್ದಾಳೆ. ಅಂದು ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಅವಳ ಮುಂಗೈ ಮುರಿಯಿತು. ಮೂರು ಸಲ ನನಗೆ ಫೋನು ಮಾಡಿದಳಂತೆ. ಮಲಗುವಾಗ ಅರ್ಧದಷ್ಟಿದ್ದ ನನ್ನ ಫೋನು ಆ ಹೊತ್ತಿಗೆ ಸಂಪೂರ್ಣ ಬರಿದಾಗಿ ನಿಂತಿತ್ತು. ನೆರೆಮನೆಯವರು ಅವಳನ್ನು ಆಸ್ಪತ್ರೆಗೆ ಒಯ್ದರು. ಬೆಳಿಗ್ಗೆ ನಾನು ಓಡಿಹೋದಾಗ ಅವಳು ಸಿಟ್ಟಾಗಲಿಲ್ಲ. "ಮೂರು ಸಲ ಹಚ್ಚಿದ್ನೆಪ್ಪಾ, ಹತ್ತಲೇ ಇಲ್ಲ" ಎಂದಷ್ಟೇ ಹೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಊರಿಗೆ ಮರಳಿದವನೇ ಅಂಗಡಿಗೆ ಹೋಗಿ ಹೊಸ ಬ್ಯಾಟರಿ ಹಾಕಿಸಿದೆ. ಎರಡು ಸಾವಿರ ರೂಪಾಯಿ ವೆಚ್ಚವಾಯಿತು. ನಾಲ್ಕು ದಿನಗಳಲ್ಲಿ ಮತ್ತೆ ಅದೇ ಕಥೆ. ಅಂಗಡಿಯವರನ್ನು ದೂರುವಂತಿಲ್ಲ, ಪರೀಕ್ಷಿಸಿರೆಂದು ಕೇಳದೆ, ಬದಲಿಸಿರೆಂದು ಕೇಳಿದವನು ನಾನೇ. ಲಿಥಿಯಂ ಅಯಾನ್ ಬ್ಯಾಟರಿಯು ವರ್ಷಗಳು ಕಳೆದಂತೆ ಕ್ಷೀಣಿಸುವುದು ನಿಜ. ಶೇಕಡಾ 30 ಇದ್ದದ್ದು ಒಮ್ಮೆಗೇ ಆರಿಹೋಗುವುದು, ಫೋನಿನ ಬೆನ್ನು ಉಬ್ಬುವುದು ಅದರ ಲಕ್ಷಣಗಳು. ನನ್ನ ಫೋನಿನಲ್ಲಿ ಅವು ಇರಲಿಲ್ಲ. ಅದು ಒಂದೇ ಸಮನೆ, ನಿದ್ರೆಯಲ್ಲಿಯೂ, ಸೋರುತ್ತಿತ್ತು. ಕಾರಣವನ್ನು ಅರಿಯದೆ ಮದ್ದು ಕೊಟ್ಟದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು, ಗೆಳೆಯರ ಮಾತು ಕೇಳಿ ಗಂಟೆಗೊಮ್ಮೆ ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಸರಿಸಿ ಮುಚ್ಚತೊಡಗಿದ್ದು. ಆ ಪಟ್ಟಿಯಲ್ಲಿ ಕಾಣುವ ಬಹುಪಾಲು ಆ್ಯಪ್‌ಗಳು ಸುಮ್ಮನೆ ನೆನಪಿನಲ್ಲಿ ಕುಳಿತಿರುತ್ತವೆ. ಅವುಗಳನ್ನು ಹೊರದಬ್ಬಿ ಪುನಃ ತೆರೆದಾಗ ಎಲ್ಲವನ್ನೂ ಮೊದಲಿನಿಂದ ತುಂಬಿಕೊಳ್ಳಬೇಕಾಗಿ, ಶಕ್ತಿಯ ವ್ಯಯವು ಹೆಚ್ಚೇ ಆಗಬಹುದು. ಮುಂದೆ ಕಾಣುವುದನ್ನು ಗದರಿಸುತ್ತ ಹಿಂದಿರುವುದನ್ನು ಮರೆತಿದ್ದೆ.

ಇಲ್ಲಿ ‘ಹಿನ್ನೆಲೆ’ ಎಂಬ ಪದವನ್ನು ಗಮನಿಸಬೇಕು. ಹಿಂದಿನ ನೆಲೆಯೇ ಹಿನ್ನೆಲೆ. ಪರದೆಯ ಮೇಲೆ ಕಾಣದೆ ಒಳಗೆ ನಡೆಯುವ ಕೆಲಸವೇ ಹಿನ್ನೆಲೆಯ ಚಟುವಟಿಕೆ. ಪರದೆ ಆರಿದಾಗ ಫೋನಿನ ಪ್ರೊಸೆಸರ್ ನಿದ್ರಿಸಬೇಕು. ಆದರೆ ‘ನನಗೆ ಕೆಲಸವಿದೆ, ಮಲಗಬೇಡ’ ಎಂದು ಹಿಡಿದಿಡುವ ಅಧಿಕಾರವು ಆ್ಯಪ್‌ಗಳಿಗೆ ಉಂಟು. ಅದಕ್ಕೆ ವೇಕ್ ಲಾಕ್ ಎಂದು ಹೆಸರು. ಹಾಡು ಕೇಳುವಾಗ ಇದು ಅವಶ್ಯಕ. ಕೆಲಸ ಮುಗಿದ ಮೇಲೂ ಹಿಡಿತವನ್ನು ಬಿಡದಿದ್ದರೆ ಅನರ್ಥ. ಹೊರಗಿನಿಂದ ನೋಡಿದವರಿಗೆ ಬಾಗಿಲು ಹಾಕಿದ ಮನೆ ಮಲಗಿದಂತೆ ತೋರುತ್ತದೆ. ಒಳಗೆ ದೀಪಗಳೆಲ್ಲ ಉರಿಯುತ್ತಿರುತ್ತವೆ.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಮಕ್ಕಳಿಗೆ ಮೂವತ್ತು ವರ್ಷ ಹೇಳಿದ್ದನ್ನು ಕೊನೆಗೆ ನಾನೇ ಪಾಲಿಸಿದೆ: ಮೊದಲು ಅಳೆ, ಬಳಿಕ ಒಂದೊಂದನ್ನೇ ಬದಲಿಸು. ರಾತ್ರಿ 10ಕ್ಕೆ ಫೋನನ್ನು ಪೂರ್ತಿ ತುಂಬಿಸಿ, ಚಾರ್ಜರ್ ತೆಗೆದು, ಅದೇ ಕೋಣೆಯ ಅದೇ ಮೇಜಿನ ಮೇಲಿಟ್ಟೆ. ಬೆಳಿಗ್ಗೆ 5ಕ್ಕೆ 72 ಉಳಿದಿತ್ತು. ಯಾರೂ ಮುಟ್ಟದ ಫೋನು 7 ಗಂಟೆಯಲ್ಲಿ 28ನ್ನು ತಿಂದಿತ್ತು.

ಮರುರಾತ್ರಿ ಫೋನನ್ನು ಸೇಫ್ ಮೋಡ್‌ನಲ್ಲಿ ಇಟ್ಟೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಆಫ್ ಎಂಬ ಆಯ್ಕೆಯನ್ನು ಒತ್ತಿ ಹಿಡಿದರೆ ಇದು ದೊರೆಯುತ್ತದೆ. ಈ ಸ್ಥಿತಿಯಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಕರೆಗಳು ಮಾತ್ರ ಎಂದಿನಂತೆ ಬರುತ್ತವೆ. ಬೆಳಿಗ್ಗೆ 95 ಇತ್ತು. ಬ್ಯಾಟರಿ ನಿರ್ದೋಷಿ, ಸ್ಥಳವು ಅದೇ ಆದ್ದರಿಂದ ಸಿಗ್ನಲ್ಲಿನ ದೌರ್ಬಲ್ಯವೊಂದೇ ಕಾರಣವೆನ್ನುವಂತಿರಲಿಲ್ಲ. ನಾನೇ ಕರೆದು ಒಳಗೆ ಕೂರಿಸಿದ ಅತಿಥಿಗಳಲ್ಲಿಯೇ ಯಾರೋ ಎಣ್ಣೆ ಕುಡಿಯುತ್ತಿದ್ದರು.

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ಬ್ಯಾಟರಿ ಬಳಕೆ ಎಂಬಲ್ಲಿಗೆ ಹೋದರೆ ಆ್ಯಪ್‌ವಾರು ಲೆಕ್ಕ ಸಿಗುತ್ತದೆ. ಫೋನಿನಿಂದ ಫೋನಿಗೆ ಹೆಸರು ಕೊಂಚ ಬೇರೆಯಿರುವುದುಂಟು. ಅಲ್ಲಿ ಒಂದು ಹವಾಮಾನದ ಆ್ಯಪ್ ಎದುರು ಹೀಗಿತ್ತು: ಪರದೆಯ ಮೇಲೆ 2 ನಿಮಿಷ, ಹಿನ್ನೆಲೆಯಲ್ಲಿ 6 ಗಂಟೆ. ಮಳೆ ಬರುವುದೇ ಎಂದು ನೋಡಲು ಹಾಕಿಕೊಂಡದ್ದು ರಾತ್ರಿಯಿಡೀ ನಾನೆಲ್ಲಿರುವೆನೆಂದು ಹುಡುಕುತ್ತಿತ್ತು. ಅದರ ಸ್ಥಳದ ಅನುಮತಿಯನ್ನು ‘ಯಾವಾಗಲೂ’ ಎಂಬುದರಿಂದ ‘ಬಳಸುವಾಗ ಮಾತ್ರ’ ಎಂದು ಬದಲಿಸಿದೆ. ಮರುದಿನ ನಷ್ಟವು 17ಕ್ಕೆ ಇಳಿಯಿತು. ಇನ್ನೊಬ್ಬರು ಒಳಗಿದ್ದರು. ಸೋದರ ಸೊಸೆಯ ಮದುವೆಯ ವಿಡಿಯೊವನ್ನು ಸಂಗ್ರಹಕ್ಕೆ ಕಳುಹಿಸುವ ಆ್ಯಪ್ ಅದು. ದೊಡ್ಡ ಕಡತವು ಅರ್ಧಕ್ಕೆ ನಿಲ್ಲುವುದು, ಮತ್ತೆ ಮೊದಲಾಗುವುದು, ಹೀಗೆ ತಿಂಗಳುಗಟ್ಟಲೆ ನಡೆದಿತ್ತು. ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸಿ ಆ ಸರದಿಯನ್ನು ರದ್ದುಪಡಿಸಿದೆ. ಅಂದಿನ ರಾತ್ರಿಯ ನಷ್ಟ ಕೇವಲ 6.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಆಂಡ್ರಾಯ್ಡ್ 6ರಲ್ಲಿ, ಅಂದರೆ 2015ರಲ್ಲಿಯೇ, ಡೋಜ್ ಎಂಬ ವ್ಯವಸ್ಥೆ ಬಂದಿದೆ. ಪರದೆ ಆರಿ, ಚಾರ್ಜರ್ ಇಲ್ಲದೆ, ಫೋನು ಅಲುಗದೆ ಬಿದ್ದಿದ್ದರೆ ಆ್ಯಪ್‌ಗಳ ಕೆಲಸವನ್ನು ಅದು ಮುಂದೂಡಿ, ನಡುನಡುವೆ ಸ್ವಲ್ಪ ಹೊತ್ತು ಮಾತ್ರ ಅವಕಾಶ ಕೊಡುತ್ತದೆ. 2018ರ ಆಂಡ್ರಾಯ್ಡ್ 9 ಇನ್ನೂ ಮುಂದೆ ಹೋಗಿ, ನಾವು ಎಷ್ಟು ಬಳಸುತ್ತೇವೆಂಬುದನ್ನು ನೋಡಿ ಆ್ಯಪ್‌ಗಳಿಗೆ ಪಾಲು ಹಂಚುತ್ತದೆ. ಇಂತಹ ಕಾವಲಿದ್ದೂ ನನ್ನ ಮನೆ ಏಕೆ ಸೋರಿತು? ತೆರೆದು ನೋಡಿದರೆ ಆ ಎರಡೂ ಆ್ಯಪ್‌ಗಳ ಮುಂದೆ ‘ಅನಿರ್ಬಂಧಿತ’ ಎಂದಿತ್ತು. ಎಂದೋ ಅವು ಕೇಳಿದ್ದವು. ಓದದೆಯೇ ‘ಅನುಮತಿಸಿ’ ಎಂದು ಒತ್ತಿದ್ದೆ. ಕಾವಲುಗಾರನನ್ನು ಸರಿಸಿದ ಕೈ ನನ್ನದೇ ಆಗಿತ್ತು. ಆ ಕ್ಷಣದಲ್ಲಿ ಅವ್ವನ ಪಟ್ಟಿ ಕಟ್ಟಿದ ಕೈ ಕಣ್ಣೆದುರು ಬಂದಿತು.

ಪಶ್ಚಾತ್ತಾಪವೂ ವಿವೇಕವಿಲ್ಲದಿದ್ದರೆ ದಾರಿ ತಪ್ಪಿಸುತ್ತದೆ. ರೋಷದಿಂದ ಎಲ್ಲ ಆ್ಯಪ್‌ಗಳನ್ನೂ ‘ನಿರ್ಬಂಧಿತ’ ಮಾಡಿಬಿಟ್ಟೆ. ಬ್ಯಾಟರಿ ಉಳಿಯಿತು. ಆದರೆ ವೈದ್ಯರು ಅವ್ವನ ಮಾತ್ರೆಯನ್ನು ಬದಲಿಸಿದ್ದಾರೆಂದು ನೆರೆಮನೆಯವರು ಬೆಳಿಗ್ಗೆ ಕಳುಹಿಸಿದ ಸಂದೇಶವು ನಾನು ಸಂಜೆ ಆ್ಯಪ್ ತೆರೆದಾಗಲೇ ಕಂಡಿತು. ಎಲ್ಲ ದೀಪಗಳನ್ನೂ ಆರಿಸಿ, ಬಾಗಿಲು ಬಡಿದವರ ಮುಖ ಕಾಣದಂತೆ ಕತ್ತಲೆ ಮಾಡಿಕೊಂಡಿದ್ದೆ. ಸಂದೇಶದ ಆ್ಯಪ್‌ಗೆ ಮಧ್ಯದ ದಾರಿಯಾದ ‘ಆಪ್ಟಿಮೈಸ್’ ಸಾಕು. ಪ್ರತಿಯೊಂದು ಆ್ಯಪ್ ತಾನೇ ಎಚ್ಚರವಿದ್ದು ಕಾಯಬೇಕಿಲ್ಲ. ಫೋನಿನಲ್ಲಿರುವ ಸಾಮಾನ್ಯ ದಾರಿಯೊಂದರಲ್ಲಿ ತುರ್ತು ಸಂದೇಶಗಳು ಬಂದು ಬೇಕಾದವರನ್ನಷ್ಟೇ ಎಬ್ಬಿಸುತ್ತವೆ. ಐಫೋನ್ ಉಳ್ಳವರಿಗೂ ಇಂತಹ ನಿಯಂತ್ರಣ ಉಂಟು. 2013ರ ಐಒಎಸ್ 7ರಿಂದ ಬಂದಿರುವ ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಎಂಬುದನ್ನು ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಒಂದೊಂದು ಆ್ಯಪ್‌ಗೆ ಬೇರೆಬೇರೆಯಾಗಿ ಆರಿಸಬಹುದು.

ಈಗ ತಿಂಗಳಿಗೊಮ್ಮೆ ಕುಳಿತು ಈ ಲೆಕ್ಕವನ್ನು ನೋಡುತ್ತೇನೆ. ಬಳಸದೆ ಬಿಟ್ಟ ಆ್ಯಪ್‌ಗಳನ್ನು ತೆಗೆದುಹಾಕುತ್ತೇನೆ. ಹೊಸತೊಂದು ಅನುಮತಿ ಕೇಳಿದರೆ, ಅದರ ಕೆಲಸಕ್ಕೂ ಅದು ಕೇಳುವುದಕ್ಕೂ ಸಂಬಂಧವಿದೆಯೇ ಎಂದು ವಿಚಾರಿಸಿಯೇ ಒತ್ತುತ್ತೇನೆ. ಮಲಗುವ ಮುನ್ನ ಚಾರ್ಜನ್ನು ನೋಡುವುದು ನಿತ್ಯದ ನೇಮವಾಗಿದೆ. ಇವೆಲ್ಲ ಸಣ್ಣ ಕೆಲಸಗಳೇ. ಆದರೆ ಅಳೆಯದೆ ದೂರಬಾರದು, ಅರಿಯದೆ ಒಪ್ಪಬಾರದು, ಸಿಟ್ಟಿನಲ್ಲಿ ಎಲ್ಲವನ್ನೂ ಮುಚ್ಚಬಾರದು ಎಂಬ ಮೂರು ಪಾಠಗಳು ಇವುಗಳಲ್ಲಿ ಅಡಗಿವೆಯೆಂಬುದನ್ನು ಮನಗಂಡಿದ್ದೇನೆ.

ಅವ್ವನ ಕೈ ಕೂಡಿಕೊಂಡಿದೆ. ಮುಂಗೈ ಕೊಂಚ ಸೊಟ್ಟಗೆ ಉಳಿದಿದೆ. ರೊಟ್ಟಿ ಬಡಿಯುವಾಗ ಈಗಲೂ ನೋಯುತ್ತದಂತೆ. ಮೊನ್ನೆ ನಡುರಾತ್ರಿ ಅವಳ ಕರೆ ಬಂದಿತು. ಗಾಬರಿಯಿಂದ ಎತ್ತಿದೆ. "ಏನಿಲ್ಲಪ್ಪಾ, ಹತ್ತತೈತೇನು ಅಂತ ನೋಡಿದೆ" ಎಂದಳು. ಹತ್ತುತ್ತದೆ ಅವ್ವಾ ಎಂದೆ. ಮುಂದೆ ಮಾತು ಹೊರಡಲಿಲ್ಲ.

ನಿಮ್ಮ ಮನೆಯ ಹಿರಿಯರ ಕರೆ ನಿಮಗೆ ತಪ್ಪದಿರಲಿ.