ಸೋರುವ ಮನೆಯ ಒಣ ಜಾಗ



ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ಕುರಿತು ಹಾಡಿದ್ದು ಅನುಭಾವದ ಅರ್ಥದಲ್ಲಿ. ರಾಮದುರ್ಗ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿದ್ದ ನಮ್ಮ ಮನೆಯ ಮಾಳಿಗೆಯಾದರೋ ಬೇರೆ ಯಾವ ಅರ್ಥಕ್ಕೂ ಆಸ್ಪದವಿಲ್ಲದಂತೆ ಸೋರುತ್ತಿತ್ತು. ಮಳೆಗಾಲವೆಂದೊಡನೆ ನನಗೆ ಮೊದಲು ನೆನಪಾಗುವುದು ಗುಡುಗಲ್ಲ, ಮಿಂಚಲ್ಲ. ನಡುರಾತ್ರಿ ತಂಬಿಗೆ, ಪರಾತ, ಕೊಡಗಳೊಳಗೆ ಬೇರೆ ಬೇರೆ ಸ್ವರದಲ್ಲಿ ಬೀಳುತ್ತಿದ್ದ ಹನಿಗಳ ಸಪ್ಪಳ.

ಆ ಮನೆಗಳ ರಚನೆಯನ್ನು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಸಣ್ಣ ಕಟ್ಟಿಗೆ ಮತ್ತು ಬೇವಿನ ತಪ್ಪಲು, ಅದರ ಮೇಲೆ ದಪ್ಪನೆಯ ಮಣ್ಣು. ಪ್ರತಿವರ್ಷ ರೋಹಿಣಿ ಮಳೆ ಬರುವ ಮುನ್ನ ನಮ್ಮ ತಂದೆಯವರು ಚಕ್ಕಡಿಯಲ್ಲಿ ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿ ತುಳಿಯುತ್ತಿದ್ದರು. ಬೆಳೆಗೆ ಬಾರದ ಆ ಮಣ್ಣು ನೀರು ತಾಗಿದೊಡನೆ ಬಿಗಿದುಕೊಂಡು ತೇವವನ್ನು ಕೆಳಗಿಳಿಯಗೊಡುವುದಿಲ್ಲ. ಹೊಲಕ್ಕೆ ಕೇಡಾದದ್ದು ಮನೆಗೆ ರಕ್ಷೆಯಾಗುವುದನ್ನು ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಅರಿತಿದ್ದರು. ಆದರೂ ಜಡಿಮಳೆ ಹಿಡಿದರೆ ಎಲ್ಲಿಯೋ ಒಂದು ಬಿರುಕು ಬಾಯಿ ತೆರೆಯುತ್ತಿತ್ತು. ಆಗ ತಂದೆಯವರು ಕಂಬಳಿಯ ಕೊಪ್ಪೆ ಹಾಕಿಕೊಂಡು ಕತ್ತಲೆಯಲ್ಲಿಯೇ ಮೇಲೇರಿ, ಬೆಳಕಿಂಡಿಗೆ ಕಲ್ಲು ಮುಚ್ಚಿ, ಬಿರುಕನ್ನು ಹಿಮ್ಮಡಿಯಿಂದ ತುಳಿದು ಬರುತ್ತಿದ್ದರು. ಮೇಲಿನ ಅವರ ಹೆಜ್ಜೆಯ ಸದ್ದು ಕೇಳುವವರೆಗೂ ಅವ್ವ ಕಂದೀಲು ಹಿಡಿದು ನಿಂತೇ ಇರುತ್ತಿದ್ದಳು.

ನಮ್ಮ ಮನೆಯಲ್ಲಿ ಮಳೆಗೆ ತಿಂಗಳುಗಳ ಲೆಕ್ಕವಿರಲಿಲ್ಲ, ನಕ್ಷತ್ರಗಳ ಲೆಕ್ಕ. ಮೇ ಕೊನೆಯ ವಾರದ ರೋಹಿಣಿಯಿಂದ ಅಕ್ಟೋಬರ್ ಕೊನೆಗೆ ಹುಟ್ಟುವ ಸ್ವಾತಿಯವರೆಗೆ ಒಂದೊಂದು ಮಳೆಗೂ 13-14 ದಿನಗಳ ಆಯುಷ್ಯ. ಮಳೆ ಕೈಕೊಟ್ಟ ವರ್ಷ ಹುಡುಗರೆಲ್ಲ ಸೇರಿ ರೊಟ್ಟಿಯ ಹಂಚನ್ನು ಬೋರಲಾಗಿಸಿ, ಅದರ ಮೇಲೆ ಸೆಗಣಿಯ ಗುರ್ಜಿಯನ್ನಿಟ್ಟು ಗರಿಕೆ ಸಿಕ್ಕಿಸಿ, ಒಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಿದ್ದೆವು. ಪ್ರತಿ ಮನೆಯ ತಾಯಿಯೂ ಗುರ್ಜಿಯ ಮೇಲೆ ಕೊಡ ನೀರು ಸುರಿದು ಹಿಟ್ಟನ್ನೋ ಕಾಳನ್ನೋ ಕೊಡುತ್ತಿದ್ದಳು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರಿದ್ದಾರೆ, ಅವರೊಡನೆ ನನ್ನ ವಾದವಿಲ್ಲ. ಆದರೆ ಕುಡಿಯುವ ನೀರಿಗೇ ಬರವಿದ್ದಾಗಲೂ ಗುರ್ಜಿ ಹೊತ್ತ ಹುಡುಗನ ಮೇಲೆ ನೀರು ಸುರಿಯಲು ಯಾರೂ ಹಿಂದೆ ಮುಂದೆ ನೋಡಿದ್ದನ್ನು ನಾನು ಕಾಣಲಿಲ್ಲ.

ಸೋರುವ ಮನೆಯಲ್ಲಿಯೂ ಒಣ ಜಾಗವಿರುತ್ತದೆ. ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ, ಅಷ್ಟೇ. ಅದನ್ನು ಹಂಚುವ ಅಧಿಕಾರ ನಮ್ಮ ಅಜ್ಜಿಯದು. ಪಡಸಾಲೆಯ ಮೂಲೆಯಲ್ಲಿ, ವಿಭೂತಿಗಟ್ಟಿ ಇಡುವ ಮಾಡದ ಕೆಳಗೆ, ಎರಡು ಚಾಪೆ ಹಾಸುವಷ್ಟು ನೆಲ ಎಂಥ ಮಳೆಗೂ ನೆನೆಯುತ್ತಿರಲಿಲ್ಲ. ಅಲ್ಲಿ ಮೊದಲ ಸ್ಥಾನ ಬಿತ್ತನೆಯ ಬೀಜಕ್ಕೆ, ಅನಂತರ ಕೂಸುಗಳಿಗೆ, ಆಮೇಲೆ ಜ್ವರ ಬಂದವರಿಗೆ. ಎಳೆಗರುವಿಗೆ ಒಲೆಯ ಬದಿ. ಅವ್ವನೂ ಅಜ್ಜಿಯೂ ಒರಳುಕಲ್ಲಿನ ಹತ್ತಿರ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದರು.

1972ರ ಬರ ಕಳೆದು ಒಂದೆರಡು ವರ್ಷಗಳಾಗಿದ್ದವು. ಹಸ್ತ ಮಳೆ ಬಿಡದೆ ಹಿಡಿದಿತ್ತು. ಹಿಂಗಾರಿಗೆ ಬಿತ್ತಲು ಜೋಪಾನ ಮಾಡಿದ್ದ ಮಾಲದಂಡಿ ಜೋಳದ ಚೀಲ ಆ ಮೂಲೆಯಲ್ಲಿತ್ತು. ಬರದ ಬವಣೆಯನ್ನು ಕಂಡ ಮನೆಯಲ್ಲಿ ಬೀಜದ ಬೆಲೆ ಎಂಥದೆಂಬುದನ್ನು ಒಕ್ಕಲುಮಕ್ಕಳಿಗೆ ಹೇಳಬೇಕಾಗಿಲ್ಲ. ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಗಳನ್ನು ತರುಬಿದ್ದ ಕುರಿಗಾಹಿಯೊಬ್ಬನು ಸರಿರಾತ್ರಿಯಲ್ಲಿ ಬಾಗಿಲು ಬಡಿದನು. ಜೊತೆಗೆ ಅವನ ಹೆಂಡತಿ. ಅವಳ ಕಂಬಳಿಯೊಳಗೆ ಹುಟ್ಟಿ ತಿಂಗಳೂ ತುಂಬದ ಕೂಸು. ಹೊಲದ ಎರೆಮಣ್ಣು ಮೊಣಕಾಲವರೆಗೆ ಮೆತ್ತಿತ್ತು.

ಅಜ್ಜಿ ಮೂಲೆಯ ಚೀಲವನ್ನು ತೆಗೆಯಲು ಹೇಳಿದಳು. ತಂದೆಯವರು ಕ್ಷಣಕಾಲ ಸುಮ್ಮನೆ ನಿಂತರು. ಮನೆಯಲ್ಲಿ ಬೇರೆಲ್ಲಿಯೂ ಒಣನೆಲವಿಲ್ಲವೆಂಬುದು ಅವರಿಗೂ ಗೊತ್ತು, ಅಜ್ಜಿಗೂ ಗೊತ್ತು.

"ಬೀಜ ತೊಯ್ದರ ಯಾರ ಮನ್ಯಾಗರ ಕಡ ತರಬಹುದೋ ತಮ್ಮಾ, ಕೂಸು ತೊಯ್ದರ ಎಲ್ಲಿಂದ ತರ್ತಿ?"

ತಂದೆಯವರು ಮರುಮಾತಾಡಲಿಲ್ಲ. ಚೀಲವನ್ನು ಎತ್ತಿ ತಂದು, ತಾವು ಮಣೆಯ ಮೇಲೆ ಕುಳಿತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರ ಮೇಲೂ ಒಂದೇ ಕಂಬಳಿ ಎಳೆದುಕೊಂಡರು. ನಾನು ನಿದ್ದೆಯಿಂದ ಎಚ್ಚತ್ತಾಗಲೆಲ್ಲ ಅವರು ಹಾಗೆಯೇ ಕುಳಿತಿದ್ದರು. ಕೂಸು ಮಾತ್ರ ಒಮ್ಮೆಯೂ ಅಳಲಿಲ್ಲ. ಬೆಳಿಗ್ಗೆ ಚೀಲದ ಒಂದು ಮಗ್ಗಲು ನೆನೆದಿತ್ತು. ಆ ಕಾಳನ್ನು ಬೇರೆ ಮಾಡಿ, ಉಳಿದದ್ದನ್ನು ಹರಡಿ ಆರಿಸಿ, ಚಿತ್ತಾ ಮಳೆ ಹೊಳವಾದ ಮೇಲೆ ಬಿತ್ತಿದರು. ಕಡಿಮೆ ಬಿದ್ದ ಬೀಜವನ್ನು ಅಜ್ಜಿಯೇ ಪಕ್ಕದ ಮನೆಗೆ ಹೋಗಿ ಕಡ ತಂದಳು.

ಆ ಮನೆ ಈಗಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯೂ ಹಸ್ತ ಮಳೆಯೇ. ಮಣ್ಣಿನ ಗೋಡೆಗಳು ನಿಂತ ನೀರಿನಲ್ಲಿ ಮೂರು ದಿನ ತಾಳಿ, ನೀರು ಇಳಿದ ಮೇಲೆ ಕುಸಿದವು. ಅಜ್ಜಿ, ತಂದೆಯವರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು. ಅವ್ವ ಶಾಲೆಯ ಪಡಸಾಲೆಯಲ್ಲಿ ಹಲವು ರಾತ್ರಿ ಕಳೆದು, ಅನಂತರ ಎತ್ತರದ ಜಾಗದಲ್ಲಿ ಸರಕಾರ ಕಟ್ಟಿಸಿದ ಆಸರೆ ಮನೆಗೆ ಬಂದಳು. ಸಿಮೆಂಟಿನ ಮಾಳಿಗೆ ಸೋರುತ್ತಿರಲಿಲ್ಲ. ಆದರೂ ಮೊದಲ ಮಳೆಯ ರಾತ್ರಿ ಎದ್ದು ಪರಾತವನ್ನು ನಡುಮನೆಯಲ್ಲಿ ಇಟ್ಟಿದ್ದಳಂತೆ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು ಮಲಪ್ರಭೆ ಮತ್ತೆ ಉಕ್ಕಿದಾಗ ಅವ್ವ ಇರಲಿಲ್ಲ. ಹೊಳೆಯ ದಂಡೆಯಲ್ಲಿಯೇ ಉಳಿದಿದ್ದ ಮೂರು ಕುಟುಂಬಗಳು ನನ್ನ ತಮ್ಮನ ಮನೆಗೆ ಬಂದವು. ಎರಡು ಕೋಣೆ, ಹದಿನಾಲ್ಕು ಜನ. ಅವರು ಉಳಿಸಿಕೊಂಡು ತಂದಿದ್ದ ಹೆಸರುಕಾಳಿನ ಚೀಲಗಳನ್ನು ಮಂಚದ ಮೇಲೆ ಏರಿಸಿ, ಕೂಸಿದ್ದವಳಿಗೆ ಒಳಗೋಣೆ ಬಿಟ್ಟು, ಮುದುಕರಿಗೆ ಗೋಡೆಯ ಬದಿ ಹಾಸಿ, ತಮ್ಮನ ಹೆಂಡತಿ ಒಲೆಯ ಮುಂದೆ ಕುಳಿತೇ ಬೆಳಗು ಮಾಡಿದಳೆಂದು ತಮ್ಮನು ಫೋನಿನಲ್ಲಿ ಹೇಳಿದನು.