ನೀರಿಲ್ಲದ ಬಣ್ಣ

ಮುಂಬೈಯ ಮಾಟುಂಗಾದಲ್ಲಿ ಇಡ್ಲಿ-ಕಾಫಿಗೆ ಬರವಿಲ್ಲ. ಪರಊರು ಅನ್ನಿಸುವುದು ಓದುವ ವಿಷಯ ಮನೆಗೆ ತಿಳಿಸಬೇಕಾದಾಗ. ಗ್ರೀನ್ ಕೆಮಿಸ್ಟ್ರಿ ಎಂದರೆ ನಮ್ಮ ಇಳಕಲ್ಲಿನಲ್ಲಿ ಗಿಡಮೂಲಿಕೆ ಅಂದ್ಕೋತಾರೆ! ಕೊಳೆ ತೊಳೆಯುವುದಲ್ಲ, ಕೊಳೆಯೇ ಹುಟ್ಟದಂತೆ ತಯಾರಿಸುವುದು ಇದರ ಹಟ. ಐಬುಪ್ರೊಫೆನ್ ಮಾತ್ರೆಯ ಹಳೆಯ ಆರು ಹಂತದ ವಿಧಾನದಲ್ಲಿ, ಲೆಕ್ಕದ ಪ್ರಕಾರವೇ, ಹಾಕಿದ ಸಾಮಗ್ರಿಯ ತೂಕದಲ್ಲಿ ನೂರಕ್ಕೆ 40ರಷ್ಟು ಮಾತ್ರ ಔಷಧಿಯಾಗುತ್ತಿತ್ತು. 1992ರಲ್ಲಿ ಕಾರ್ಖಾನೆಗೆ ಬಂದ ಮೂರು ಹಂತದ ವಿಧಾನದಲ್ಲಿ ಅದು 77.

ಅಪ್ಪನಿಗೆ ಈ ಲೆಕ್ಕ ಹಿಡಿಸಿತು. ಅವರದು ನೂಲಿಗೆ ಬಣ್ಣ ಹಾಕುವ ಕೆಲಸ. ನೂಲು ಹಿಡಿಯದ ಬಣ್ಣ ಗಟಾರಕ್ಕೆ ಹರಿದರೆ ಸಂಕಟಪಡುವವರು. ರೊಕ್ಕ ಕೊಟ್ಟು ತಂದದ್ದಲ್ಲವೆ?

ದೀಪಾವಳಿಗೆ ಹೋದಾಗ ಹೇಳಿದೆ: ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಕಾಯಿಸಿ, ಭಾರೀ ಒತ್ತಡದಲ್ಲಿಟ್ಟು, ಅದರಲ್ಲೇ ಬಣ್ಣ ಕರಗಿಸಿ ಬಟ್ಟೆಗೆ ಹಿಡಿಸ್ತಾರೆ. ಹನಿ ನೀರು ಬೇಡ, ಅನಿಲವೂ ಮರುಬಳಕೆಗೆ ಬರುತ್ತದೆ.

“ನಮ್ಮ ಹತ್ತಿ ನೂಲಿಗೆ ಆಗತದೇನವಾ?”

“ಇಲ್ಲಪ್ಪಾ, ಪಾಲಿಯೆಸ್ಟರಿಗೆ ಚಲೋ. ಹತ್ತಿಗೆ ಇನ್ನೂ ಸರಿಯಾಗಿ ಕೂಡಂಗಿಲ್ಲ.”

“ಹಂಗಾರ ಅದು ಮಿಲ್ಲಿನವರ ವಿದ್ಯಾ ಆತು,” ಎಂದು ಎದ್ದುಹೋದರು.

ಪಾಲಿಯೆಸ್ಟರ್ ಆದರೆ ಪ್ರಾಜೆಕ್ಟ್ ಬೇಗ ಮುಗಿಯುತ್ತದೆ ಎಂದು ಗೈಡ್ ಹೇಳಿದರೂ ನಾನು ಹತ್ತಿಯನ್ನೇ ಆರಿಸಿಕೊಂಡೆ. ಕಡಿಮೆ ಉಪ್ಪಿನಲ್ಲಿ ಬಣ್ಣ ಕೂರಿಸುವ ಪ್ರಯತ್ನ. ಮೊನ್ನೆ ಅಪ್ಪ ನಾಲ್ಕು ಲಡಿ ನೂಲು ಕಳಿಸಿದ್ದಾರೆ. ಜೊತೆಗೊಂದು ಚೀಟಿ: “ತೊಳದ ನೀರು ಹೆಂಗ ಕಾಣತದ, ತಿಳಸು.”