ವಾಕ್ಯ ಮಗುವಿನದೇ ಆಗಿರಲಿ

ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶಕ್ಕೆ ಎಷ್ಟೋ ಮಕ್ಕಳನ್ನು ಅಣಿಗೊಳಿಸಿದ್ದೇನೆ. ಅಲ್ಲಿ ಎರಡು ಗಂಟೆ, 80 ಪ್ರಶ್ನೆ, ಸರಿಯುತ್ತರ ಗುರುತಿಸಿದರಾಯಿತು. ‘ನೀನು ಯಾರು?’ ಎಂದು ಯಾರೂ ಕೇಳರು.

ಪುಣೆಯ ಬಳಿ 1997ರಲ್ಲಿ ಆರಂಭವಾದ ಯು.ಡಬ್ಲ್ಯು.ಸಿ. ಮಹೀಂದ್ರಾ ಕಾಲೇಜಿನಲ್ಲಿ ನಾನಾ ದೇಶಗಳ ಮಕ್ಕಳು ಎರಡು ವರ್ಷ ಜೊತೆಗಿದ್ದು ಕಲಿಯುತ್ತಾರೆ. ಅದಕ್ಕೆ ಅರ್ಜಿ ಹಾಕಲು ನನ್ನ ತಂಗಿಯ ಮೊಮ್ಮಗಳು ತನ್ನನ್ನು ಕುರಿತೇ ಬರೆಯಬೇಕಾಗಿತ್ತು. ಮೊದಲ ಕರಡಿನ ತುಂಬ ವಿಶ್ವಶಾಂತಿ, ಸಮಾಜಸೇವೆ!

“ಅಜ್ಜ, ನೀವೇ ಚೆನ್ನಾಗಿ ಬರೆದುಕೊಡಿ” ಎಂದಳು.

ನಾನು ಲೇಖನಿ ಮುಟ್ಟಲಿಲ್ಲ. “ಕಳೆದ ಬೇಸಿಗೆಯಲ್ಲಿ ಏನು ಮಾಡಿದೆ, ಮಗು?” ಎಂದು ಕೇಳಿದೆ. ನೆರೆಮನೆಯ ವೃದ್ಧೆಗೆ ರುಜು ಹಾಕಲು ಕಲಿಸಿದ್ದಳಂತೆ. ಒಂದೇ ಅಕ್ಷರವನ್ನು ದಿನವೂ ತಿದ್ದಿಸಿ ಬೇಸತ್ತು, ಎರಡು ದಿನ ಆ ಕಡೆ ಸುಳಿದಿರಲಿಲ್ಲವಂತೆ. ಮೂರನೆಯ ದಿನ ಆಕೆಯೇ ಸ್ಲೇಟು ಹಿಡಿದು ಬಾಗಿಲಿಗೆ ಬಂದರಂತೆ.

“ಬೇಸರವಾದದ್ದನ್ನೂ ಬರೆಯಲೇ?”

“ಅದನ್ನು ಬಿಟ್ಟರೆ ಉಳಿದದ್ದನ್ನು ಯಾರು ನಂಬುತ್ತಾರೆ?”

ಫಲಿತಾಂಶ ಇನ್ನೂ ಬಂದಿಲ್ಲ. ಹಿರಿಯರು ಬರೆದುಕೊಟ್ಟ ಪ್ರಬಂಧ ಗೆದ್ದರೆ ಆಯ್ಕೆಯಾಗುವುದು ಹಿರಿಯರೇ. ಹೋಗಿ ಇರಬೇಕಾದವಳು ಮಾತ್ರ ಮಗು. ಸೋತರೂ, ತನ್ನ ಮಾತು ಸಾಲದೆಂಬ ಪಾಠವನ್ನು ಮನೆಯವರೇ ಕಲಿಸಿದಂತಾಗುತ್ತದೆ.

ಈಗ ತಂದೆತಾಯಿಗಳಾಗಿರುವ ನನ್ನ ಶಿಷ್ಯರಲ್ಲಿ ವಿನಂತಿಯಿಷ್ಟೇ: ಪ್ರಶ್ನೆ ಕೇಳಿ, ಕಾಗುಣಿತ ನೋಡಿ, ವಾಕ್ಯವನ್ನು ಮಗುವಿಗೇ ಬಿಡಿ.